ಬಣ್ಣ ಬಳಿಯುವ ಮುನ್ನ ಒಮ್ಮೆ ತಗಡು ನೋಡಿ

1970ರಲ್ಲಿ ಅಮೆರಿಕದ ಡಾಡ್ಜ್ ಶೋರೂಮಿಗೆ ಹೋದ ಹುಡುಗನಿಗೆ ಕಡು ನೇರಳೆ ಬಣ್ಣದ ಚಾಲೆಂಜರ್ ಬೇಕಿದ್ದರೆ, ‘ನೇರಳೆ ಕೊಡಿ’ ಎನ್ನುವ ಹಾಗಿರಲಿಲ್ಲ. ಆ ಬಣ್ಣದ ಹೆಸರು ‘ಪ್ಲಮ್ ಕ್ರೇಜಿ’. ಅದೇ ಕಂಪನಿ ಕೂಟದ ಪ್ಲಿಮತ್ ಶೋರೂಮಿನಲ್ಲಿ ಅದೇ ನೇರಳೆಗೆ ‘ಇನ್-ವಯಲೆಟ್’ ಎಂಬ ಇನ್ನೊಂದು ನಾಮಕರಣ. ಒಂದೇ ಡಬ್ಬಿಯ ಬಣ್ಣ, ಎರಡು ಹೆಸರು! ಡಾಡ್ಜ್‌ನಲ್ಲಿ ‘ಗೋ ಮ್ಯಾಂಗೊ’ ಆಗಿದ್ದ ಕಿತ್ತಳೆ, ಪ್ಲಿಮತ್‌ನಲ್ಲಿ ‘ವಿಟಮಿನ್ ಸಿ’. ಗುಲಾಬಿ ಬಣ್ಣಕ್ಕೆ ‘ಪ್ಯಾಂಥರ್ ಪಿಂಕ್’. ಫೋರ್ಡ್‌ನವರೇನು ಕಡಿಮೆ? ತಮ್ಮ ಮೇವರಿಕ್ ಎಂಬ ಅಗ್ಗದ ಕಾರಿಗೆ ‘ಆ್ಯಂಟಿ-ಎಸ್ಟಾಬ್ಲಿಷ್ ಮಿಂಟ್’, ‘ಫ್ರಾಯ್ಡಿಯನ್ ಗಿಲ್ಟ್’ ಎಂದೆಲ್ಲ ಹೆಸರಿಟ್ಟರು. ಆ ಹೆಸರುಗಳನ್ನು ಹೊಸೆದವರಿಗೆ ಸಂಬಳಕ್ಕಿಂತ ಮಜಾ ಜಾಸ್ತಿ ಸಿಕ್ಕಿರಬೇಕು ಅನ್ನುವುದು ನನ್ನ ಗುಮಾನಿ.

ಇಂಥ ಕಾರುಗಳಿಗೇ ಮಸಲ್ ಕಾರ್ ಎನ್ನುವುದು. ಲೆಕ್ಕ ಸರಳ: ಮಧ್ಯಮ ಗಾತ್ರದ ಸಾಧಾರಣ ಕಾರು, ಅದರೊಳಗೆ ದೈತ್ಯ ವಿ8 ಎಂಜಿನ್, ಕೆಲಸಕ್ಕೆ ಸೇರಿದ ಹುಡುಗರು ಕಂತು ಕಟ್ಟಿ ಕೊಳ್ಳಬಹುದಾದ ಬೆಲೆ. 1964ರ ಪಾಂಟಿಯಾಕ್ ಜಿಟಿಒದಿಂದ ಈ ಹುಚ್ಚು ಶುರುವಾಯಿತು ಎನ್ನುತ್ತಾರೆ. ಅದರ ಎಂಜಿನ್ 6.4 ಲೀಟರಿನದು. ಡಾಡ್ಜ್, ಪ್ಲಿಮತ್‌ಗಳ ‘ಹೆಮಿ’ ಎಂಜಿನ್ 7 ಲೀಟರ್. ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರಿನ 1.2 ಲೀಟರ್ ಜೊತೆ ಹೋಲಿಸಿ ನೋಡಿ. ಹತ್ತು ವರ್ಷ ತುಂಬುವುದರೊಳಗೆ ವಿಮೆಯ ಕಂತು, ಹೊಗೆ ನಿಯಮ, 1973ರ ತೈಲ ಬಿಕ್ಕಟ್ಟು ಎಲ್ಲ ಸೇರಿ ಈ ಕಾರುಗಳ ಕಥೆ ಮುಗಿಯಿತು. ಉಳಿದವು ಈಗ ಅಮೆರಿಕದ ಹರಾಜುಗಳಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಕೈ ಬದಲಾಯಿಸುತ್ತಿವೆ. ಅಂಥ ಕಾರು ಕೈಗೆ ಬಂದವನ ಎದುರು ಮೊದಲು ನಿಲ್ಲುವ ಪ್ರಶ್ನೆ ಎಂಜಿನ್ನಿನದಲ್ಲ, ಬಣ್ಣದ್ದು. ಮಾಸಿದ್ದನ್ನು ಹಾಗೇ ಬಿಡುವುದೇ? ಕಾರ್ಖಾನೆಯ ಬಣ್ಣವನ್ನೇ ಮತ್ತೆ ಹೊಡೆಸುವುದೇ? ಅಥವಾ, ನನ್ನ ದುಡ್ಡು, ನನ್ನ ಕಾರು, ನನಗಿಷ್ಟದ ಕೆಂಪು ಅಂದುಬಿಡುವುದೇ?

ಕೆಂಪಿನ ಮಾತೇಕೆ ಬಂತೆಂದರೆ, ಅಲ್ಲಿನ ಗ್ಯಾರೇಜುಗಳಲ್ಲಿ ‘ರೀಸೇಲ್ ರೆಡ್’ ಎಂಬ ಮಾತೇ ಇದೆ. ಅಂದರೆ ಮರುಮಾರಾಟದ ಕೆಂಪು. ಎಲ್ಲ ಮಸಲ್ ಕಾರುಗಳೂ ಪ್ಲಮ್ ಕ್ರೇಜಿಯಾಗಿ ಹುಟ್ಟಲಿಲ್ಲ. ಕಂದು, ಮಂಕು ಚಿನ್ನದ ಬಣ್ಣ, ಪಾಚಿ ಹಸಿರು ಇವೆಲ್ಲ ಆ ಕಾಲದ ಮರ್ಯಾದಸ್ಥ ಬಣ್ಣಗಳು. ಅಪ್ಪನ ಜೊತೆ ಶೋರೂಮಿಗೆ ಹೋದ ಮಗ ಇನ್ನೇನು ತಾನೇ ಆರಿಸಿಯಾನು! ಮುಂದೆ ಈ ಕಾರುಗಳಿಗೆ ಬೆಲೆ ಬಂದಾಗ, ‘ಪಾಚಿ ಬಣ್ಣದ್ದನ್ನು ಯಾರು ಕೊಳ್ಳುತ್ತಾರೆ’ ಎಂದು ಮಾರುವವರು ಕೆಂಪು ಹೊಡೆಸಿದರು. ಹಸಿರಾಗಿ ಹುಟ್ಟಿದ ಎಷ್ಟೋ ಕಾರುಗಳು ಕೆಂಪು ಅಂಗಿ ತೊಟ್ಟು ಓಡಾಡತೊಡಗಿದ್ದು ಹಾಗೆ.

ಆದರೆ ಕಾರು ತನ್ನ ಜಾತಕವನ್ನು ಮೈಯಲ್ಲೇ ಬಚ್ಚಿಟ್ಟುಕೊಂಡಿರುತ್ತದೆ. ಆ ಕಾಲದ ಡಾಡ್ಜ್ ಅಥವಾ ಪ್ಲಿಮತ್‌ನ ಬಾನೆಟ್ ಎತ್ತಿದರೆ, ಎಡಗಡೆಯ ಮಡ್‌ಗಾರ್ಡಿನ ಒಳಮೈಗೆ ಸ್ಕ್ರೂ ಹಾಕಿ ಬಿಗಿದ ಒಂದು ಪುಟ್ಟ ತಗಡು ಸಿಗುತ್ತದೆ. ಅದರ ಮೇಲೆ ಅಕ್ಷರ, ಅಂಕಿಗಳ ಸಾಲು ಒತ್ತಿರುತ್ತಾರೆ. ಎಫ್‌ಸಿ7 ಎಂದಿದ್ದರೆ ಅದು ಪ್ಲಮ್ ಕ್ರೇಜಿ. ಈಕೆ2 ಎಂದಿದ್ದರೆ ಗೋ ಮ್ಯಾಂಗೊ. ಷೆವರ್ಲೆಯಲ್ಲಿ ಇಂಥ ತಗಡು ಎಂಜಿನ್ ಹಿಂದಿನ ಗೋಡೆಯ ಮೇಲಿದ್ದರೆ, ಫೋರ್ಡ್‌ನಲ್ಲಿ ಬಾಗಿಲ ಹತ್ತಿರ. ಕಾರ್ಖಾನೆಯ ಲೈನಿನಲ್ಲಿ ಕಾರಿನ ಜೊತೆ ಸಾಗುತ್ತಿದ್ದ ವಿವರದ ಹಾಳೆಯೊಂದಿತ್ತು. ಕೆಲಸಗಾರರು ಅದನ್ನು ಎಷ್ಟೋ ಸಲ ಸೀಟಿನ ಸ್ಪ್ರಿಂಗ್‌ಗಳ ನಡುವೆ ಹಾಗೇ ಬಿಟ್ಟುಬಿಡುತ್ತಿದ್ದರು. ಐವತ್ತು ವರ್ಷದ ನಂತರ ಸೀಟು ಬಿಚ್ಚಿದವನಿಗೆ ಆ ಹಾಳೆ ಸಿಕ್ಕರೆ ಲಾಟರಿ ಹೊಡೆದ ಹಾಗೆ. ಕೆಂಪು ಕಾರಿನ ಯಜಮಾನ ಎಷ್ಟೇ ವಾದಿಸಲಿ, ತಗಡು, ಹಾಳೆ ಎರಡೂ ಹಸಿರು ಎಂದರೆ ಅದು ಹಸಿರೇ. ಅಗ್ಗದ ಕೆಲಸವಾಗಿದ್ದರೆ ತಗಡೂ ಬೇಕಿಲ್ಲ. ಹೊರಮೈಗೆ ಕೆಂಪು ಹೊಡೆದವರು ಡಿಕ್ಕಿಯ ಒಳಗೆ, ಬಾಗಿಲ ಸಂದಿಯಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಸಿರನ್ನು ಹಾಗೇ ಬಿಟ್ಟಿರುತ್ತಾರೆ.

ಬಣ್ಣ ಎಂದರೆ ಬರೀ ಬಣ್ಣವಲ್ಲ ಎಂಬುದು ನನಗೆ ಹೊಳೆದದ್ದು ಅದರ ರಸಾಯನಶಾಸ್ತ್ರ ಓದಿದಾಗ. ಬಿಇ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಥರ್ಮೋಪ್ಲಾಸ್ಟಿಕ್, ಥರ್ಮೋಸೆಟ್ ಎಂದು ಎರಡು ಜಾತಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವಲ್ಲ, ಅದೇ ಇಲ್ಲಿದೆ. ಜನರಲ್ ಮೋಟರ್ಸ್ ಬಳಸುತ್ತಿದ್ದುದು ಅಕ್ರಿಲಿಕ್ ಲ್ಯಾಕರ್. ಅದು ಒಣಗಿದ ಮೇಲೂ ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಹಾಗಾಗಿ ಬಣ್ಣ ಹೊಡೆದ ಕಾರನ್ನು ಮತ್ತೆ ಒಲೆಯೊಳಗೆ ಕಳಿಸಿ, ಪದರವೇ ಕರಗಿ ಹರಿದು ನುಣುಪಾಗುವಂತೆ ಮಾಡುತ್ತಿದ್ದರು. ಫೋರ್ಡ್ ಮತ್ತು ಕ್ರೈಸ್ಲರ್‌ನವರದು ಬೇಯಿಸಿದರೆ ಗಟ್ಟಿಯಾಗಿ ಕೂರುವ ಎನಾಮೆಲ್. ಅದು ಒಮ್ಮೆ ಬೆಂದ ಮೇಲೆ ಮತ್ತೆ ಕರಗದು. ಲ್ಯಾಕರ್ ವಯಸ್ಸಾದಂತೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಎನಾಮೆಲ್ ಮಂಕಾಗುತ್ತದೆ, ಸುಣ್ಣದಂತೆ ಪುಡಿ ಏಳುತ್ತದೆ. ಎರಡರ ಮೇಲೂ ಇವತ್ತಿನ ಕಾರುಗಳಂತೆ ಪಾರದರ್ಶಕ ಕ್ಲಿಯರ್ ಕೋಟ್ ಇರಲಿಲ್ಲ.

ಈಗ ಅದೇ ಪ್ಲಮ್ ಕ್ರೇಜಿ ಬೇಕೆಂದು ಪೇಂಟರ್ ಬಳಿ ಹೋದರೆ ಅವನು ಹೊಡೆಯುವುದು ಬೇಸ್ ಕೋಟ್, ಅದರ ಮೇಲೆ ಕ್ಲಿಯರ್ ಕೋಟ್. ಹೆಸರು ಅದೇ, ಕೋಡ್ ಅದೇ, ವಸ್ತು ಬೇರೆ. ಆ ಕಾಲದ ಉಜ್ವಲ ಕಿತ್ತಳೆ, ಹಳದಿಗಳಿಗೆ ಜೀವ ಕೊಡುತ್ತಿದ್ದುದು ಸೀಸ ಬೆರೆತ ವರ್ಣಕಗಳು. ಆರೋಗ್ಯದ ದೃಷ್ಟಿಯಿಂದ ಅವನ್ನು ಕೈಬಿಟ್ಟಿದ್ದಾರೆ, ಬಿಟ್ಟದ್ದೇ ಒಳ್ಳೆಯದು. ಲ್ಯಾಕರ್‌ನಿಂದ ಗಾಳಿಗೆ ಸೇರುವ ದ್ರಾವಕದ ಆವಿಯ ಕಾರಣಕ್ಕೆ ಕ್ಯಾಲಿಫೋರ್ನಿಯಾದಂಥ ಕಡೆ ಅದಕ್ಕೂ ಕಡಿವಾಣವಿದೆ. ಹೀಗಾಗಿ ‘ಕಾರ್ಖಾನೆಯ ಬಣ್ಣಕ್ಕೇ ವಾಪಸ್ ತಂದಿದ್ದೇವೆ’ ಎಂಬ ಜಾಹೀರಾತು ಅರ್ಧ ಸತ್ಯ. ತಂದಿರುವುದು ಬಣ್ಣದ ಛಾಯೆಯನ್ನು ಮಾತ್ರ.

ಮೂಲ ಬಣ್ಣ ಹೌದೋ ಅಲ್ಲವೋ ಎಂದು ಪತ್ತೆ ಹಚ್ಚಲು ಒಂದು ಪುಟ್ಟ ಉಪಕರಣ ಸಾಕು. ಕಬ್ಬಿಣದ ಮೈಗೆ ಒತ್ತಿ ಹಿಡಿದರೆ ಅದು ಬಣ್ಣದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ತೋರಿಸುತ್ತದೆ. ಆ ಕಾಲದ ಕಾರ್ಖಾನೆಯ ಪದರ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು, ಒಂದೆರಡು ಕೂದಲಿನಷ್ಟು. 200 ದಾಟಿದರೆ ಯಾರೋ ಮತ್ತೊಮ್ಮೆ ಹೊಡೆದಿದ್ದಾರೆ. ಸಾವಿರ ಮುಟ್ಟಿದರೆ ಕೆಳಗೆ ಪುಟ್ಟಿ ಮೆತ್ತಿದ್ದಾರೆ, ಅಂದರೆ ಆ ಜಾಗ ಎಂದೋ ಜಜ್ಜಿಹೋಗಿತ್ತು. (ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್‌ನದು, ಅದರ ಮುಂದೆ ಈ ಉಪಕರಣದ ಆಟ ನಡೆಯದು.) ಅಂದಹಾಗೆ, ತಗಡನ್ನು ಹೊಸದಾಗಿ ಒತ್ತಿಸಿ ಕೂರಿಸುವ ಕಲಾಕಾರರೂ ಇದ್ದಾರೆ. ಸಾಧಾರಣ ಕಾರನ್ನು ಅಪರೂಪದ್ದೆಂದು ಮಾರಲು ಇದು ಹಳೇ ಉಪಾಯ. ಐವತ್ತು ವರ್ಷ ಬಿಸಿಲು ಕುಡಿದ 100 ಮೈಕ್ರಾನ್ ಲ್ಯಾಕರನ್ನು ಮಾತ್ರ ಹಾಗೆ ಸೃಷ್ಟಿಸುವುದು ಬಹಳ ಕಷ್ಟ. ಮೂಲ ಬಣ್ಣ ಉಜ್ಜಿ ತೆಗೆಯುವುದೆಂದರೆ ಆ ಕಾರಿನ ಪರವಾಗಿ ಹೇಳಬಲ್ಲ ನಂಬಿಕಸ್ಥ ಸಾಕ್ಷಿಯನ್ನೇ ಓಡಿಸಿದಂತೆ.

ಕಾರ್ಖಾನೆಯ ಕೆಲಸ ಅಷ್ಟೇನೂ ಚೆಂದವಿರಲಿಲ್ಲ ಎಂಬುದು ಇನ್ನೊಂದು ತಮಾಷೆ. ಕಿತ್ತಳೆ ಸಿಪ್ಪೆಯಂಥ ತರಿ, ಅಲ್ಲಲ್ಲಿ ಇಳಿದ ಬಣ್ಣದ ಹನಿ, ಅಡಿಭಾಗದಲ್ಲಿ ಸಿಡಿದ ಚಿಮುಕು, ಎಲ್ಲವೂ ಇದ್ದವು. ಗಂಟೆಗೆ ಹತ್ತಾರು ಕಾರು ಹೊರಬೀಳುವ ಕಡೆ ನಯನಾಜೂಕು ಎಲ್ಲಿಂದ ಬರಬೇಕು? ಇವತ್ತಿನ ದುಬಾರಿ ಪೇಂಟರ್ ತಿಂಗಳುಗಟ್ಟಲೆ ಉಜ್ಜಿ ಕನ್ನಡಿ ಮಾಡಿಬಿಡುತ್ತಾನೆ. ಅಮೆರಿಕದ ಕಾರ್ವೆಟ್ ಪ್ರಿಯರ ಸಂಘ ಎನ್‌ಸಿಆರ್‌ಎಸ್‌ನ ಸ್ಪರ್ಧೆಯಲ್ಲಿ ಕಾರ್ಖಾನೆಗಿಂತ ಚೆನ್ನಾಗಿ ಮಾಡಿದರೂ ಅಂಕ ಕತ್ತರಿಸುತ್ತಾರೆ! ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿರಬೇಕು, ಅಷ್ಟೆ. ಹೆಚ್ಚು ಬರೆದರೂ ಅಂಕ ಹೋಗುವ ಪರೀಕ್ಷೆ ನಮಗೆ ಸದ್ಯ ಇಲ್ಲ.

ಈ ಜಗಳದ ಎರಡು ತುದಿಗಳನ್ನೂ ಒಂದೇ ಸಿನಿಮಾದ ಎರಡು ಕಾರುಗಳು ತೋರಿಸುತ್ತವೆ. 1968ರಲ್ಲಿ ಬಂದ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೊದ ಇಳಿಜಾರು ರಸ್ತೆಗಳಲ್ಲಿ ಹಸಿರು ಮಸ್ಟಾಂಗ್ ಹಾರಿಸುವ ದೃಶ್ಯ ಗಾಡಿ ಪ್ರಿಯರೆಲ್ಲ ನೋಡಿರುತ್ತಾರೆ. ಬಣ್ಣದ ಹೆಸರು ಹೈಲ್ಯಾಂಡ್ ಗ್ರೀನ್. ಚಿತ್ರೀಕರಣಕ್ಕೆ ಬಳಸಿದ್ದು ಎರಡು ಕಾರು. ಅವುಗಳ ಗುರುತಿನ ಸಂಖ್ಯೆ ಒಂದರದು 558ರಿಂದ, ಇನ್ನೊಂದರದು 559ರಿಂದ ಕೊನೆಗೊಳ್ಳುತ್ತದೆ. ಒಂದರ ಹಿಂದೊಂದು ಹುಟ್ಟಿದ ಅಣ್ಣತಮ್ಮಂದಿರು.

559 ಕೈಯಿಂದ ಕೈಗೆ ಸಾಗಿ 1974ರಲ್ಲಿ 6,000 ಡಾಲರಿಗೆ ನ್ಯೂಜೆರ್ಸಿಯ ಒಂದು ಕುಟುಂಬ ಸೇರಿತು. ಆ ಮನೆಯಾಕೆ ಶಾಲೆಯಲ್ಲಿ ಟೀಚರ್. ದಿನಾ ಶಾಲೆಗೆ ಅದರಲ್ಲೇ ಹೋಗುತ್ತಿದ್ದರು. 1977ರಲ್ಲಿ ಸ್ವತಃ ಮೆಕ್ವೀನ್ ‘ನನ್ನ ಕಾರು ವಾಪಸ್ ಕೊಡಿ’ ಎಂದು ಪತ್ರ ಬರೆದರೂ ಕುಟುಂಬ ಕೊಡಲಿಲ್ಲ. 1980ರಲ್ಲಿ ಕ್ಲಚ್ ಹೋಯಿತು, ಕಾರು ಶೆಡ್ ಸೇರಿತು, ದಶಕಗಳ ಕಾಲ ಹೊರಬರಲೇ ಇಲ್ಲ. ಮಗ ಕೊನೆಗೆ ಅದನ್ನು ಓಡುವ ಸ್ಥಿತಿಗೆ ತಂದ. ಆದರೆ ಬಣ್ಣ ಮುಟ್ಟಲಿಲ್ಲ. ಮಾಸಿದ ಹಸಿರು, ತುಕ್ಕಿನ ಕಲೆ, ಗೀರು ಎಲ್ಲ ಇದ್ದ ಹಾಗೇ 2018ರ ಡೆಟ್ರಾಯಿಟ್ ಆಟೊ ಷೋದಲ್ಲಿ ನಿಲ್ಲಿಸಿದರು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದು ಶುಲ್ಕವೂ ಸೇರಿ 37.4 ಲಕ್ಷ ಡಾಲರಿಗೆ ಹೋಯಿತು. ಬೆಲೆ ಬಂದದ್ದು ಮೆಕ್ವೀನ್ ಹೆಸರಿನಿಂದ, ಬಣ್ಣದಿಂದಲ್ಲ ಎಂದು ನೀವು ಅನ್ನಬಹುದು. ಒಪ್ಪಿದೆ. ಆದರೆ ಮೆಕ್ವೀನ್ ಕೂತಿದ್ದ ಕಾರು ಇದೇ ಎಂದು ನೋಡಿದವರಿಗೆ ಅನಿಸುವುದು ಆ ಗೀರುಗಳಿಂದಲೇ ಅಲ್ಲವೇ? ಹೊಸ ಹಸಿರು ಹೊಳೆಯುತ್ತಿದ್ದರೆ ಅದು ಬುಲಿಟ್ ಕಾರಿನ ನೂರಾರು ನಕಲುಗಳ ಪಕ್ಕ ನಿಂತ ಇನ್ನೊಂದು ಕಾರಿನಂತೆ ಕಾಣುತ್ತಿತ್ತು.

ಸಾಹಸ ದೃಶ್ಯಗಳಲ್ಲಿ ಏಟು ತಿಂದ 558 ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಗುಜರಿಯಲ್ಲಿ ಬಿದ್ದಿತ್ತು. ಅದನ್ನು ಕೊಂಡವನಿಗೆ ಅದು ಏನೆಂದೇ ಗೊತ್ತಿರಲಿಲ್ಲ. ‘ಗಾನ್ ಇನ್ 60 ಸೆಕೆಂಡ್ಸ್’ ಸಿನಿಮಾದ ‘ಎಲೀನರ್’ ಎಂಬ ಮಸ್ಟಾಂಗ್ ಥರ ಸಿಂಗರಿಸುವುದು ಅವನ ಯೋಜನೆ. ಅಷ್ಟರಲ್ಲಿ ಯಾರೋ ಸಂಖ್ಯೆ ನೋಡಿ ಹುಡುಕಿದಾಗ ವಿಷಯ ಬಯಲಾಯಿತು. 2017ರಲ್ಲಿ ಫೋರ್ಡ್ ದಾಖಲೆಗಳ ತಜ್ಞರು ಬಂದು ದೃಢಪಡಿಸಿದರು. ಯಾರೂ ಸಂಖ್ಯೆ ನೋಡದೆ ಇದ್ದಿದ್ದರೆ? ಬುಲಿಟ್ ಕಾರೊಂದು ಇನ್ನೊಂದು ಸಿನಿಮಾದ ಕಾರಿನ ನಕಲಾಗಿ, ಹೊಚ್ಚ ಹೊಸ ಬಣ್ಣದಲ್ಲಿ, ಯಾರಿಗೂ ತಿಳಿಯದಂತೆ ಮುಗಿದುಹೋಗುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಎದುರು ಪಕ್ಷದವರ ಒಂದು ಮಾತು ನನ್ನನ್ನು ಕಾಡುತ್ತದೆ. ಈ ಕಾರುಗಳನ್ನು ಕೊಂಡವರು ಮ್ಯೂಸಿಯಂನವರಲ್ಲ, ನಮ್ಮ ವಯಸ್ಸಿನ ಹುಡುಗರು. ಕೊಂಡ ಮರುದಿನವೇ ಚಕ್ರ ಬದಲಿಸಿದರು, ಸೈಲೆನ್ಸರ್ ಬದಲಿಸಿದರು, ಪಟ್ಟೆ ಬಳಿದರು. ಅಲ್ಲಿನ ಹವ್ಯಾಸಿಗಳು ಇಂಥವನ್ನು ‘ಡೇ ಟೂ’ ಕಾರು, ಅಂದರೆ ಎರಡನೇ ದಿನದ ಕಾರು ಎಂದೇ ಕರೆಯುತ್ತಾರೆ. 1971ರಲ್ಲಿ ಮೊದಲ ಒಡೆಯನೇ ಹೊಡೆಸಿದ ಬಣ್ಣ ಈಗ ತಾನೇ ಐವತ್ತು ದಾಟಿದ ಇತಿಹಾಸವಲ್ಲವೇ? ಅದನ್ನು ಕೆರೆದು ತಗಡಿನ ಬಣ್ಣ ತರುವುದು ಯಾವ ನ್ಯಾಯ? ನನಗನಿಸುವಂತೆ ಇಲ್ಲಿ ಒಡೆಯನ ಬಣ್ಣವೇ ಗೆಲ್ಲಬೇಕು. ಮೂಲ ಬಣ್ಣ ಉಳಿದಿರುವ ಕಾರನ್ನು ಮಾತ್ರ, ಎಷ್ಟೇ ಮಾಸಿರಲಿ, ಯಾರೂ ಮುಟ್ಟಬಾರದು. ವೈನಿಲ್ ರ‍್ಯಾಪ್ ಸುತ್ತಿದರಾಯಿತು, ಬೇಡವಾದಾಗ ಕಿತ್ತರಾಯಿತು ಎನ್ನುವವರಿದ್ದಾರೆ. ಹಳೇ ಲ್ಯಾಕರ್ ಆ ಅಂಟಿನ ಜೊತೆಗೇ ಎದ್ದು ಬರುವ ಅಪಾಯವಿದೆ. ಆಗಲೇ ಎರಡು ಮೂರು ಸಲ ಬಣ್ಣ ಬದಲಾದ, ಎಂಜಿನ್ನೂ ಮೂಲದ್ದಲ್ಲದ ಸಾಧಾರಣ ಕಾರಾಗಿದ್ದರೆ ಗುಲಾಬಿಯನ್ನೇ ಬಳಿದುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಕೆಂಪು ಕಾರಿನ ತಗಡು ಎಫ್‌ಸಿ7 ಎನ್ನುತ್ತಿದ್ದರೆ, ಪ್ಲಮ್ ಕ್ರೇಜಿಯಂಥ ಹುಚ್ಚು ಬಣ್ಣ ಬಿಟ್ಟು ಇನ್ನೊಂದು ಕೆಂಪು ಹೊಡೆಸುವವನ ರುಚಿಯ ಬಗ್ಗೆ ನನಗೆ ಅನುಮಾನ.

ನಮ್ಮಲ್ಲೂ ಈ ಪ್ರಶ್ನೆಗೆ ಕಾನೂನಿನ ಬಾಲವೊಂದು ಅಂಟಿಕೊಂಡಿದೆ. 2021ರ ಕೇಂದ್ರ ಸರ್ಕಾರದ ನಿಯಮದಂತೆ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಅಕ್ಷರ ಸಿಗುತ್ತದೆ. ಷರತ್ತು ಒಂದೇ: ಗಾಡಿ ಮೂಲರೂಪದಲ್ಲಿರಬೇಕು, ಭಾರಿ ಬದಲಾವಣೆ ಆಗಿರಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಮೊದಮೊದಲ ಬೈಕುಗಳು ಈಗ ಆ ವಯಸ್ಸು ದಾಟಿವೆ. ನಿಮ್ಮ ಮನೆಯ ಹಿತ್ತಿಲಲ್ಲಿ ಅಂಥದ್ದೊಂದು ನಿಂತಿದ್ದರೆ, ಪೇಂಟರ್‌ಗೆ ಫೋನ್ ಮಾಡುವ ಮೊದಲು ಸೀಟು ಬಿಚ್ಚಿ, ಟ್ಯಾಂಕ್ ಎತ್ತಿ, ಅಡಿಯಲ್ಲಿ ಬಿಸಿಲು ತಾಗದ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಫೋಟೊ ತೆಗೆದಿಟ್ಟುಕೊಳ್ಳಿ. ಆರ್‌ಸಿ ಪುಸ್ತಕದಲ್ಲಿ ಬರೆದಿರುವ ಬಣ್ಣದ ಜೊತೆ ತಾಳೆ ಹಾಕಿ. ಉಳಿದದ್ದು ನಾಳೆ ನೋಡಿದರಾಯಿತು, ಪೇಂಟರ್ ಎಲ್ಲಿಗೂ ಓಡಿಹೋಗುವುದಿಲ್ಲ.