ಬಿಲ್ಲು ಬಿಟ್ಟ ಕಣ್ಣಪ್ಪ ಪಿಸ್ತೂಲು ಹಿಡಿದ!

1962ರ ಅಕ್ಟೋಬರ್. ನಮ್ಮ ಗಡಿಯಲ್ಲಿ ಚೀನಾ ಯುದ್ಧ, ಕ್ಯೂಬಾದಲ್ಲಿ ಅಣುಬಾಂಬಿನ ಭೀತಿ. ಅದೇ ತಿಂಗಳು ಲಂಡನ್ನಿನಲ್ಲಿ 'ಡಾಕ್ಟರ್ ನೋ' ಬಿಡುಗಡೆ. ಜೇಮ್ಸ್ ಬಾಂಡ್ ಬೆಳ್ಳಿತೆರೆಗೆ ಬಂದ! ಆದರೆ ನಂಜನಗೂಡು, ಟಿ. ನರಸೀಪುರದ ಟೆಂಟುಗಳಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡುವ ನನ್ನಂಥವರಿಗೆ ಆ ಇಂಗ್ಲಿಷು ಎಲ್ಲಿ ತಿಳೀಬೇಕು?

ಆರು ವರ್ಷ ಕಾದೆವು. 1968ರಲ್ಲಿ ದೊರೆ-ಭಗವಾನ್ 'ಜೇಡರ ಬಲೆ' ತಂದರು. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಶಿವನಿಗೆ ಕಣ್ಣು ಕಿತ್ತು ಕೊಟ್ಟಿದ್ದ ರಾಜಕುಮಾರ್ ಈಗ ಸೂಟು ತೊಟ್ಟ ಸಿಐಡಿ 999! ನಂಜುಂಡನ ಊರಿನವರಾದ ನಮಗೆ ಭಕ್ತನೂ ಬೇಕು, ಪತ್ತೇದಾರನೂ ಬೇಕು. ಇಬ್ಬರೂ ಒಬ್ಬರೇ ಆದರೆ ಇನ್ನೇನು?

ಗೋವಾ, ಜಾಕ್‌ಪಾಟ್, 1978ರ 'ಆಪರೇಷನ್ ಡೈಮಂಡ್ ರಾಕೆಟ್' ಅಂತ ಸಾಲು ಬೆಳೀತು. ಪಿಸ್ತೂಲಿನ ಕಥೆಗೆ ಕನ್ನಡ ಒಗ್ಗೋಲ್ಲ ಅನ್ನೋ ಮಾತು ಅಲ್ಲಿಗೆ ಮುಗೀತು.

ಅವರದು 007, ನಮ್ಮದು 999. ಲೆಕ್ಕ ನೀವೇ ಹಾಕ್ಕೊಳ್ಳಿ!