ಮಲಸಮುದ್ರದ ಹೊಲವೂ ಸಭೆಯ ಆಡಳಿತವೂ

ಸಭೆಯ ಜಮೀನು, ಗೇಣಿ, ಸಾಲ ಇವುಗಳ ತಗಾದೆ ಯಾವ ಸಭಾಪಾಲಕರಿಗೂ ತಪ್ಪಿದ್ದಲ್ಲ. ತುಂಗಭದ್ರೆಯ ದಡದ ಐರಣಿಯಿಂದ ಗದಗಿನವರೆಗಿನ ಸೀಮೆಯು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಈ ತಗಾದೆಯ ಹಳೆಯದೊಂದು ಪಾಠವನ್ನು ಅದೇ ಜಿಲ್ಲೆಯ ಮಲಸಮುದ್ರದಲ್ಲಿ ಕಾಣುತ್ತೇವೆ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕಂಪನಿಯ ವಶವಾಯಿತು. 1833ರ ಸನ್ನದು ಅನ್ಯದೇಶೀಯ ಮಿಷನರಿಗಳಿಗೂ ದಾರಿ ತೆರೆಯಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದಿತು. ಅದೇ ವರ್ಷ ಮಲಸಮುದ್ರದಲ್ಲಿ ಒಕ್ಕಲುತನದ ವಸಾಹತೊಂದನ್ನು ಆರಂಭಿಸಿತು. ಮಿಷನರಿಗಳಲ್ಲಿ ಅನೇಕರಿಗೆ ಈ ಕಲ್ಪನೆ ಹೊಸತಲ್ಲ. ಅವರ ತಾಯ್ನಾಡಾದ ವುರ್ಟೆಂಬರ್ಗಿನಲ್ಲಿ 1819ರಲ್ಲಿಯೇ ಕೊರ್ನ್‌ಟಾಲ್ ಎಂಬ ಭಕ್ತರ ವಸಾಹತು ರಾಜನ ಅನುಮತಿಯಿಂದ ತನ್ನದೇ ಕಟ್ಟಳೆಗಳೊಡನೆ ನೆಲೆಗೊಂಡಿತ್ತು.

ಆದರೆ ಎರೆಭೂಮಿಯ ಒಕ್ಕಲುತನ ಬೇರೆ. ಜೋಳ, ಹತ್ತಿ ಎರಡೂ ಮಳೆಯನ್ನು ನಂಬಿದ ಬೆಳೆಗಳು. ಮಳೆ ತಪ್ಪಿದರೂ ರಯತವಾರಿಯ ಕಂದಾಯವನ್ನು ನಗದಿನಲ್ಲಿಯೇ ಸಲ್ಲಿಸಬೇಕು. ಇದಕ್ಕಿಂತಲೂ ಕಠಿಣವಾದದ್ದು ಊರಿನಿಂದ ಹೊರಗಾಗುವುದು. ಬಡಿಗ, ಕಮ್ಮಾರ ಮೊದಲಾದ ಆಯಗಾರರಿಲ್ಲದೆ ಕೂರಿಗೆಯಾಗಲಿ ಕುಂಟೆಯಾಗಲಿ ಸಾಗದು; ಮುಯ್ಯಾಳುಗಳಿಲ್ಲದೆ ಸುಗ್ಗಿಯಿಲ್ಲ. ಜಾತಿಯನ್ನು ತೊರೆದವನು ಇವೆಲ್ಲವನ್ನೂ ಒಂದೇ ದಿನ ಕಳೆದುಕೊಳ್ಳಬಹುದಿತ್ತು. ಮತಾಂತರಗೊಂಡವನ ಪಿತ್ರಾರ್ಜಿತ ಹಕ್ಕನ್ನು ಕಾಯುವ ಕಾನೂನು ಬಂದದ್ದು 1850ರಲ್ಲಿ. ಅದು ಪಾಲನ್ನು ಉಳಿಸಬಲ್ಲದಾಗಿತ್ತೇ ಹೊರತು ಊರ ಬಾವಿಯನ್ನಲ್ಲ. ಆದುದರಿಂದ ವಸಾಹತು ಕೇವಲ ದಾನಬುದ್ಧಿಯ ಫಲವೆಂದು ಬಗೆಯುವುದು ಸರಿಯಲ್ಲ. ನೆಲವಿಲ್ಲದೆ ಅಂಥವರಿಗೆ ಬದುಕಿರಲಿಲ್ಲ.

ತೊಡಕು ಆಡಳಿತದ್ದು. ನೆಲವು ಮಿಷನ್ನಿನ ಅಧೀನದಲ್ಲಿದ್ದಾಗ ಅದನ್ನು ಹಂಚುವವರೂ ವಾಕ್ಯವನ್ನು ಸಾರುವವರೂ ಒಬ್ಬರೇ ಆಗುತ್ತಾರೆ. ಪ್ರಭುಭೋಜನಕ್ಕೆ ಬರುವವನು ಭಕ್ತನೋ ಒಕ್ಕಲೋ? ಅವನನ್ನು ಶಿಸ್ತಿಗೆ ಒಳಪಡಿಸಿದರೆ ಅದು ಪಾಪಕ್ಕೋ, ಉಳಿದ ಬಾಕಿಗೋ? ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ದಿನದಿನದ ಹಂಚಿಕೆಯ ಗುಣುಗುಟ್ಟುವಿಕೆ ಕೇಳಿದೊಡನೆ ಅಪೊಸ್ತಲರು ಆ ಹೊಣೆಯನ್ನು ಏಳು ಮಂದಿಗೆ ಒಪ್ಪಿಸಿದರು. ನೆಹೆಮೀಯನ 5ನೆಯ ಅಧ್ಯಾಯ ಇನ್ನೂ ಹತ್ತಿರದ್ದು. ಬರದಲ್ಲಿ ಹೊಲವನ್ನು ಒತ್ತೆಯಿಟ್ಟವರು, ಅರಸನ ಕಂದಾಯಕ್ಕೆ ಸಾಲ ಮಾಡಿದವರು ಅಲ್ಲಿ ಮೊರೆಯಿಡುತ್ತಾರೆ. ನೆಹೆಮೀಯನು ಶ್ರೀಮಂತರನ್ನು ಗದರಿಸುವುದು ನಮಗೆ ನೆನಪಿರುತ್ತದೆ. ತಾನೂ ತನ್ನ ಸಹೋದರರೂ ಸಾಲ ಕೊಟ್ಟವರೆಂದು ಸಭೆಯ ಮುಂದೆ ಅವನು ಹೇಳುವುದನ್ನೂ, ಹನ್ನೆರಡು ವರ್ಷ ಅಧಿಪತಿಯ ಭತ್ಯವನ್ನು ಮುಟ್ಟದಿದ್ದುದನ್ನೂ ಪ್ರಸಂಗಗಳಲ್ಲಿ ವಿರಳವಾಗಿಯೇ ಕೇಳುತ್ತೇವೆ.

ಮಲಸಮುದ್ರ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. 1851-52ರಲ್ಲಿ ಮಿಷನ್ನಿನ ಇನ್ಸ್‌ಪೆಕ್ಟರ್ ಯೋಸೆನ್‌ಹಾನ್ಸ್ ಭಾರತಕ್ಕೆ ಬಂದುಹೋದ ಮೇಲೆ ಬಾಸೆಲಿನ ಹಿಡಿತ ಬಿಗಿಯಾಯಿತು. ಜೀವನೋಪಾಯದ ಭಾರ ಮುಖ್ಯವಾಗಿ ನೇಯ್ಗೆಗೂ, 1865ರಿಂದ ಮಂಗಳೂರಿನ ಹಂಚಿಗೂ ಸರಿಯಿತು. 1859ರಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು, ಲೆಕ್ಕ ಬೇರೆಯಾಯಿತು. ಆದರೆ ಕಾರ್ಖಾನೆಯ ಗಂಟೆಯೂ ದೇವಾಲಯದ ಗಂಟೆಯೂ ಕೆಲಸಗಾರನ ಕಿವಿಗೆ ಒಂದೇ ಮನೆಯವು. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದಾಗ ಕೂಲಿ ಕೊಡುವವರೂ ದೀಕ್ಷಾಸ್ನಾನ ಕೊಡುವವರೂ ನಿಜವಾಗಿ ಬೇರೆಬೇರೆಯಾದರು. ಅದು ಸಭೆ ಪ್ರಾರ್ಥಿಸಿ ಕೈಗೊಂಡ ತೀರ್ಮಾನವಲ್ಲ, ಸರಕಾರದ ಆಜ್ಞೆ.