ನಿಮಗಿದು ಗೊತ್ತೇ? ಸಿಎಲ್ ಹತ್ತು, ನೋಡೋದು ನೂರು

ಮೇ 1, ಅಕ್ಟೋಬರ್ 2, ಡಿಸೆಂಬರ್ 25. ಕಾರ್ಮಿಕರ ದಿನ, ಗಾಂಧಿ ಜಯಂತಿ, ಕ್ರಿಸ್‌ಮಸ್. ಯಾವ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದರೂ ಈ ಮೂರೂ ಒಂದೇ ವಾರ ಬಿದ್ದಿರುತ್ತವೆ. ಮೊದಲ ಎರಡರ ನಡುವೆ ಸರಿಯಾಗಿ 22 ವಾರ, ಅಲ್ಲಿಂದ ಕ್ರಿಸ್‌ಮಸ್‌ಗೆ 12 ವಾರ. ಫೆಬ್ರುವರಿ 29 ಬಂದರೂ ಲೆಕ್ಕ ತಪ್ಪದು, ಅದು ಮೇ ಹುಟ್ಟುವ ಮೊದಲೇ ಮುಗಿದಿರುತ್ತದೆ. 2026ರಲ್ಲಿ ಮೂರೂ ಶುಕ್ರವಾರ. ಮರುದಿನಕ್ಕೊಂದು ಸಿಎಲ್ (ಸಾಂದರ್ಭಿಕ ರಜೆ) ಬರೆದುಕೊಟ್ಟರೆ ಮೂರು ದಿನ ನಿಮ್ಮವು. ಡಿಸೆಂಬರ್ 26 ನಾಲ್ಕನೇ ಶನಿವಾರವಾದ್ದರಿಂದ ಸರ್ಕಾರಿ ನೌಕರರಿಗೆ ಆ ಒಂದು ಸಿಎಲ್ಲೂ ಬೇಕಿಲ್ಲ.

2027 ಬರುವ ಮೊದಲೇ ಎಚ್ಚರವಾಗಿರಿ. ಅದೇ ಮೂರು ದಿನ ಶನಿವಾರಕ್ಕೆ ಜಾರುತ್ತವೆ. ಅದರಲ್ಲಿ ಡಿಸೆಂಬರ್ 25 ನಾಲ್ಕನೇ ಶನಿವಾರ, ಹೇಗೂ ರಜೆ ಇದ್ದ ದಿನ. ಸ್ವಾತಂತ್ರ್ಯ ದಿನ ಭಾನುವಾರ. ಕನ್ನಡ ರಾಜ್ಯೋತ್ಸವ ಒಂದು ಸೋಮವಾರ ಬಂದು ಮಾನ ಉಳಿಸುತ್ತದೆ.

ರಾಜ್ಯ ಸರ್ಕಾರಿ ನೌಕರರ ಸಿಎಲ್ 15 ಇದ್ದದ್ದು 10ಕ್ಕೆ ಇಳಿದದ್ದು 2019ರಲ್ಲಿ, ನಾಲ್ಕನೇ ಶನಿವಾರದ ರಜೆ ಬಂದಾಗಲೇ. ಹನ್ನೆರಡು ಶನಿವಾರ ಬಂದವು, ಐದು ಸಿಎಲ್ ಹೋದವು. ಕಾಗದದ ಮೇಲೆ ಲಾಭವೇ. ಆದರೆ ಶನಿವಾರವನ್ನು ಆರಿಸಿದ್ದು ಸರ್ಕಾರ. ಸಿಎಲ್ ಆದರೆ ಸೋದರಮಾವನ ಮಗಳ ಮದುವೆ ಯಾವ ದಿನವೋ ಆ ದಿನಕ್ಕೇ ಸಿಗುತ್ತಿತ್ತು.

ಭಾನುವಾರ ಎಲ್ಲರಿಗೂ ಒಂದೇ ತೂಕದ್ದಲ್ಲ. ಸಿಎಲ್ ನಡುವೆ ಭಾನುವಾರ ಬಂದರೆ ಅದನ್ನು ಸಿಎಲ್ ಎಂದು ಎಣಿಸುವುದಿಲ್ಲ. ಗಳಿಕೆ ರಜೆಯಲ್ಲಿ ಹಿಂದೆ ಮುಂದೆ ಅಂಟಿದ ಭಾನುವಾರ ಪುಕ್ಕಟೆ, ನಡುವೆ ಸಿಕ್ಕಿಬಿದ್ದದ್ದು ಖಾತೆಯಿಂದ ಕಡಿತ. ಎರಡನ್ನೂ ಜೋಡಿಸಿ ಹಾಕುತ್ತೇನೆ ಎಂದರೆ ನಿಯಮ ಒಪ್ಪದು. ಸಿಎಲ್ ಬೇರೆ ಯಾವ ರಜೆಯ ಜತೆಗೂ ಕೂಡುವುದಿಲ್ಲ. ಹಾಗಾಗಿ ಸೋಮವಾರದಿಂದ ಶನಿವಾರದವರೆಗೆ ಗಳಿಕೆ ರಜೆ ಹಾಕುವವರು ಜಾಣರು: ಖಾತೆಯಿಂದ ಆರು ಹೋದರೂ ಕೈಗೆ ಎಂಟು ಸಿಗುತ್ತವೆ. ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ಹಾಕಿದವರಿಗೆ ಏಳು ಕೊಟ್ಟು ಏಳೇ.

ಗಿಣಿಗೇರಾ, ಬೇವಿನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರಿಗೆ ಈ ವಿಷಯದಲ್ಲಿ ಕಾನೂನು ಇನ್ನೂ ಉದಾರಿ. 1948ರ ಕಾರ್ಖಾನೆಗಳ ಕಾಯ್ದೆಯ 79ನೇ ಕಲಂ ಕೊಟ್ಟದ್ದು ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. ಆ ರಜೆಯ ಮೊದಲು, ನಡುವೆ, ಕೊನೆಗೆ ಎಲ್ಲಿಯೇ ಹಬ್ಬ ಅಥವಾ ವಾರದ ರಜೆ ಬಂದರೂ ಅದನ್ನು ಸೇರಿಸಿ ಎಣಿಸುವಂತಿಲ್ಲ. ಉಳಿದದ್ದನ್ನು 30 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ಆ ಕಾಯ್ದೆಯಲ್ಲಿ ಕಟ್ಟುಪಾಡೂ ಇತ್ತು: ಅರ್ಜಿ 15 ದಿನ ಮೊದಲೇ ಕೊಡಬೇಕಿತ್ತು, ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ತುಂಡು ಮಾಡುವಂತಿರಲಿಲ್ಲ. ಈ ರಜೆಗೆ ಅರ್ಹರಾಗಲು ವರ್ಷದಲ್ಲಿ 240 ದಿನ ಕೆಲಸ ಎಂದಿತ್ತು ಆ ಕಾಯ್ದೆ. ಅದರ ಜಾಗಕ್ಕೆ ಬಂದ 2020ರ ಹೊಸ ಕಾರ್ಮಿಕ ಸಂಹಿತೆ ಅದನ್ನು 180ಕ್ಕೆ ಇಳಿಸಿದೆ.

ಕಾರ್ಖಾನೆ ಕೆಲಸಗಾರರಿಗೆ ಇನ್ನೊಂದು ಆಸರೆ ರಾಜ್ಯದ 1963ರ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ ರಜೆ. ಮೇಲೆ ಐದು ಹಬ್ಬದ ದಿನ.

ಸರ್ಕಾರಿ ನೌಕರರಿಗೆ ಗಳಿಕೆ ರಜೆ ವರ್ಷಕ್ಕೆ 30. ಕೂಡಿಡಬಹುದಾದ ಮಿತಿ 300. ನಿವೃತ್ತಿಯ ದಿನ ಅಷ್ಟನ್ನೂ ಹಣವಾಗಿ ಪಡೆಯುವವರೇ ಹೆಚ್ಚು. ಆ ಹಣದಲ್ಲಿ ಮನೆಗೆ ಮಾಳಿಗೆ ಏರುತ್ತದೆ, ನಿಜ. ಹಾಗೆಯೇ ಅದು ಹತ್ತು ತಿಂಗಳು ಎಲ್ಲಿಗೂ ಹೋಗದೆ ಉಳಿದದ್ದರ ಬೆಲೆಯೂ ಹೌದು. ಮಂಡಿ ಚೆನ್ನಾಗಿದ್ದಾಗಿನ ಹತ್ತು ತಿಂಗಳು. ಶಾಲಾ ಶಿಕ್ಷಕರಿಗೆ ಬೇಸಿಗೆ, ದಸರಾ ರಜೆ ಇದೆ ಎಂಬ ಕಾರಣಕ್ಕೆ ಗಳಿಕೆ ರಜೆ ವರ್ಷಕ್ಕೆ ಹತ್ತೇ. ಅವರು ತಿರುಗಾಡಬೇಕಾದದ್ದು ಏಪ್ರಿಲ್-ಮೇ ಬಿಸಿಲಲ್ಲಿ, ಉಳಿದ ಲೋಕವೆಲ್ಲ ಬಸ್ಸು ಹತ್ತುವ ಹೊತ್ತಿಗೇ.

ಫ್ರಾನ್ಸಿನ ದುಡಿಮೆಗಾರರಿಗೆ ಎರಡು ವಾರ ಸಂಬಳದ ರಜೆ ಕಾನೂನಾಗಿ ಸಿಕ್ಕಿದ್ದು 1936ರಲ್ಲಿ. ಖಾಸಗಿ ಕಂಪನಿಗಳು ಸಂಬಳದ ರಜೆ ಕೊಡಲೇಬೇಕು ಎಂಬ ಕೇಂದ್ರ ಕಾನೂನು ಅಮೆರಿಕದಲ್ಲಿ ಇವತ್ತಿಗೂ ಇಲ್ಲ.

ಪ್ರವಾಸದ ದಾಖಲೆ ಬೇಕೇ? ಅಶೋಕನನ್ನು ಕೇಳಿ. ಅವನ ಕಿರು ಬಂಡೆಗಲ್ಲು ಶಾಸನ ಕೊಪ್ಪಳದಲ್ಲೇ ಎರಡು ಕಡೆ ಇದೆ, ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು. ಇದೇ ಶಾಸನದ ಬ್ರಹ್ಮಗಿರಿ ಪ್ರತಿಯಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಅವನ ರಜೆ ಮಂಜೂರು ಮಾಡುವವರು ಯಾರೂ ಇರಲಿಲ್ಲ. ಪಾಲ್ಕಿಗುಂಡಿಗೆ ಹೋಗಲು ನಿಮಗೂ ಮಂಜೂರಾತಿ ಬೇಡ. ಒಂದು ಭಾನುವಾರದ ಬೆಳಗು ಸಾಕು.

ಕುಷ್ಟಗಿಗೆ ಮೊದಲ ಪ್ರಯಾಣಿಕರ ರೈಲು ಬಂದದ್ದು 2025ರ ಮೇ 15ರಂದು. ತಳಕಲ್‌ನಲ್ಲಿ ಕವಲೊಡೆದು ಕುಕನೂರು, ಯಲಬುರ್ಗಾ ದಾಟಿ ಬರುವ ಮಾರ್ಗ, ಆಚೆ ತುದಿ ಹುಬ್ಬಳ್ಳಿ. ಗಂಗಾವತಿಗೆ ರೈಲು 2019ರಲ್ಲೇ ಬಂದಿತ್ತು. 2024ರಲ್ಲಿ ಆ ಹಳಿ ಸಿಂಧನೂರು ಮುಟ್ಟಿತು. ಕುಷ್ಟಗಿಯವರು ಹುಬ್ಬಳ್ಳಿಗೆ ಹೋಗಲು ಕೊಪ್ಪಳಕ್ಕೋ ಗದಗಿಗೋ ಬಸ್ಸಿನಲ್ಲಿ ಬಂದು ಕಾಯುತ್ತಿದ್ದ ಅರ್ಧ ದಿನ ಈಗ ಪ್ರವಾಸಕ್ಕೇ ಉಳಿಯುತ್ತದೆ.

ಕುಕನೂರಲ್ಲಿ ಇಳಿದರೆ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ಊರೊಳಗೇ. ಇಟಗಿ ಅಲ್ಲಿಂದ ಹತ್ತಿರದ ಹಾದಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಅಲ್ಲಿನ ಗುಡಿಯನ್ನು ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ನಾಲ್ಕು ರಜೆ ಹಾಕಿ ಬೇಲೂರು ನೋಡಿಬಂದು, ಇಟಗಿ ನೋಡಿಲ್ಲ ಎನ್ನುವ ಯಲಬುರ್ಗಾದವರಿಗೆ ನನ್ನ ಕಡೆಯಿಂದ ಸಿಎಲ್ ನಾಮಂಜೂರು.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಇದನ್ನು ರಜೆಯ ಲೆಕ್ಕಕ್ಕೆ ಹಿಡಿದು ನೋಡಿ: ಹಂಪಿಗೆ ಎರಡು ದಿನ ಕೊಟ್ಟರೂ ಸಾಲದು. ಕನಕಗಿರಿಯ ಕನಕಾಚಲಪತಿ ಗುಡಿಗೆ ಅರ್ಧ ದಿನ ಸಾಕು, ಮಧ್ಯಾಹ್ನದ ಊಟಕ್ಕೆ ಗಂಗಾವತಿ ಮನೆಗೆ ವಾಪಸ್.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ್ದು 2021ರಲ್ಲಿ. ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಶಿಲಾಸಮಾಧಿಗಳು. 1835ರಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇವುಗಳ ಬಗ್ಗೆ ಗಮನ ಸೆಳೆದಿದ್ದ. ಬಂಡೆಗಳ ನಡುವೆ ಹತ್ತಿ ಹೋಗುವ ದಾರಿ, ಮೇಲೆ ಕುಡಿಯುವ ನೀರಿಲ್ಲ, ಅಂಗಡಿ ಇಲ್ಲ. ಬುತ್ತಿ ಕಟ್ಟಿಕೊಂಡು ಬೆಳಕು ಹರಿಯುವಾಗಲೇ ಹೊರಡಿ. ಚಳಿಗಾಲದ ಒಂದು ಎರಡನೇ ಶನಿವಾರ ಇದಕ್ಕೆಂದೇ ತೆಗೆದಿಡುವುದು ಒಳ್ಳೆಯದು.

ಅಂಜನಾದ್ರಿಗೆ 575 ಮೆಟ್ಟಿಲು. ಏಪ್ರಿಲ್‌ನಲ್ಲಾದರೆ ಹತ್ತು ಗಂಟೆಯೊಳಗೆ ಇಳಿದುಬಿಡಿ.

ಆನೆಗುಂದಿಯ ನವವೃಂದಾವನಕ್ಕೆ ಮಳೆಗಾಲದಲ್ಲಿ ಸಿಎಲ್ ಸುಡಬೇಡಿ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ನಡುಗಡ್ಡೆ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಗಂಗಾವತಿ–ಕಂಪ್ಲಿ ಸೇತುವೆಯೂ ನೀರಡಿ ಹೋಗುವುದುಂಟು. ಆಗ ನೋಡಬೇಕಾದದ್ದು ಮುನಿರಾಬಾದ್ ಕಡೆಯಿಂದ ಅಣೆಕಟ್ಟನ್ನೇ. 33 ಗೇಟುಗಳಲ್ಲಿ ಎಷ್ಟು ತೆರೆದಿವೆ ಎಂದು ಬೆಳಗಿನ ಪತ್ರಿಕೆ ನೋಡಿಕೊಂಡು ಹೊರಟರಾಯಿತು.

ಶುಕ್ರವಾರದ ಸರ್ಕಾರಿ ರಜೆ ಸಿಕ್ಕಿತೆಂದು ನೇರ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಥಳೀಯ ಸಂಗ್ರಹಾಲಯಗಳಿಗೆ ವಾರದ ರಜೆ ಶುಕ್ರವಾರವೇ; ಬಾದಾಮಿ, ಐಹೊಳೆಯಲ್ಲೂ ಅಷ್ಟೇ. ತಾಜ್ ಮಹಲ್ ಕೂಡ ಶುಕ್ರವಾರ ಪ್ರವಾಸಿಗರಿಗೆ ಬಂದ್. 2026ರ ಆ ಮೂರು ಶುಕ್ರವಾರಗಳಲ್ಲಿ ಗುಡಿಗಳನ್ನು ನೋಡಿ, ಸಂಗ್ರಹಾಲಯ ಶನಿವಾರಕ್ಕಿರಲಿ.

ಕೊಪ್ಪಳದ ಗವಿಸಿದ್ಧೇಶ್ವರ ತೇರು ಎಳೆಯುವುದು ಬನದ ಹುಣ್ಣಿಮೆ ಕಳೆದು ಬಿದಿಗೆಗೆ. 2024ರಲ್ಲಿ ಜನವರಿ 27, 2025ರಲ್ಲಿ ಜನವರಿ 15, 2026ರಲ್ಲಿ ಜನವರಿ 5. ತೇರು ಯಾವ ವಾರ ಬರುತ್ತದೋ ಬರಲಿ, ಮಹಾದಾಸೋಹ ಅಮಾವಾಸ್ಯೆವರೆಗೂ ನಡೆಯುತ್ತದೆ. ತೇರಿನ ಉತ್ತತ್ತಿ ಬೇಕೆನ್ನುವವರು ಸಿಎಲ್ ಹಾಕಲಿ. ಪ್ರಸಾದ ಉಣ್ಣಲು ಮುಂದಿನ ಭಾನುವಾರವೂ ಅಡ್ಡಿಯಿಲ್ಲ, ಕೂರಲು ಜಾಗವೂ ಸಲೀಸಾಗಿ ಸಿಗುತ್ತದೆ.

ಹಾಜರಿ ಪುಸ್ತಕವೇ ಇಲ್ಲದವರ ರಜೆ ಪಂಚಾಂಗದಲ್ಲಿದೆ. ಅಮಾವಾಸ್ಯೆಗೆ ಗೌಂಡಿ ಕರಣಿ ಹಿಡಿಯುವುದಿಲ್ಲ, ಸೋಮವಾರ ರೈತ ಎತ್ತು ಹೂಡುವುದಿಲ್ಲ. ಅಂದು ಕೂಲಿಯೂ ಇಲ್ಲ ಎಂಬುದನ್ನು ಮರೆತು ಇದನ್ನು ಹೊಗಳುವಂತಿಲ್ಲ. ಗಂಗಾವತಿ ಸೀಮೆಯ ಭತ್ತದ ರೈತರ ದೊಡ್ಡ ರಜೆ ಕಾಲುವೆ ನೀರು ನಿಂತ ಮೇಲೆ.

ರೈಲು ಟಿಕೆಟ್‌ನ ದೂರ 500 ಕಿ.ಮೀ. ಮೀರಿದ್ದರೆ, ಅಷ್ಟು ದೂರ ಸಾಗಿದ ಮೇಲೆ ಒಂದು ಕಡೆ ಇಳಿದು ಎರಡು ದಿನ ತಂಗಿ, ಅದೇ ಟಿಕೆಟ್‌ನಲ್ಲಿ ಪ್ರಯಾಣ ಮುಂದುವರಿಸಬಹುದು. ರಾಜಧಾನಿಯಂಥ ಕೆಲವು ರೈಲುಗಳಿಗೆ ಇದು ಅನ್ವಯಿಸದು.

ರಾತ್ರಿ ರೈಲು ಒಂದು ಹಗಲನ್ನು ಉಳಿಸಿಕೊಡುತ್ತದೆ. ಕೊಪ್ಪಳದಿಂದ ಬೆಂಗಳೂರಿಗೆ, ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್. ತಿರುಪತಿಗೆ ಕೊಲ್ಹಾಪುರದಿಂದ ಬರುವ ಹರಿಪ್ರಿಯಾ. ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ. 2026ರ ಅಕ್ಟೋಬರ್ 1ರ ರಾತ್ರಿ ಕೊಪ್ಪಳದಲ್ಲಿ ಹರಿಪ್ರಿಯಾ ಹತ್ತುವುದಾದರೆ ಬುಕಿಂಗ್ ತೆರೆಯುವುದು ಆಗಸ್ಟ್ 2, ಬೆಳಿಗ್ಗೆ 8 ಗಂಟೆಗೆ. ಅಂದು ಭಾನುವಾರ, ಟಿಕೆಟ್ ತೆಗೆಯಲೆಂದು ರಜೆ ಹಾಕಬೇಕಿಲ್ಲ.